ಅಪ್ಪ ಅವ್ವನ ಜೊತೆ ಹಿಮಾಲಯದ ಹಳ್ಳಿಗಳಿಗೆ: ಗಂಗಾವತಿಯ ತಂಗಿಯ ಪ್ರಶ್ನೆಗೆ ಉತ್ತರ

ತಂಗಿ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಪ್ಪನಿಗೆ ಅರವತ್ತಮೂರು, ಅವ್ವನಿಗೆ ಐವತ್ತೆಂಟು. ಭತ್ತದ ಗದ್ದೆಯಲ್ಲಿ ದುಡಿದ ಕಾಲುಗಳು, ಆದರೆ ಹಿಮಾಲಯ ಕಂಡವರಲ್ಲ. ಅಪ್ಪನಿಗೆ ರಕ್ತದೊತ್ತಡದ ಮಾತ್ರೆ ನಡೆದಿದೆ. ಬೆಟ್ಟದ ಹಳ್ಳಿಗಳಲ್ಲಿ ನಿಧಾನವಾಗಿ ನಡೆಯಬೇಕು, ಗೊಂಪಾಗಳನ್ನು, ಅಂದರೆ ಬೌದ್ಧ ಮಠಗಳನ್ನು, ನೋಡಬೇಕು, ಡೇರೆಯಲ್ಲಿ ಮಲಗುವುದು ಬೇಡ, ಜೊತೆಗೆ ತಿಳಿದ ಗೈಡ್ ಇರಬೇಕು ಎಂದಿದ್ದೀರಿ. ನಮ್ಮ ಗುಂಪಿನಲ್ಲಿ ಈಗಾಗಲೇ ಉತ್ತರಿಸಿದವರಲ್ಲಿ ಒಬ್ಬರು ಹಿಮದ ಮೇಲೆ ನಡೆಯುವ ಚಾರಣವನ್ನು ಸೂಚಿಸಿದ್ದಾರೆ, ಇನ್ನೊಬ್ಬರು ಈ ವಯಸ್ಸಿನಲ್ಲಿ ಈ ಸಾಹಸವೇ ಬೇಡ ಎಂದಿದ್ದಾರೆ. ನಾನು ಎರಡನ್ನೂ ಒಪ್ಪುವುದಿಲ್ಲ. ನಿಮ್ಮ ಮನೆಯವರ ಅಳತೆ ತೆಗೆದುಕೊಂಡು ಹೊಲಿದಂತಿರುವ ಒಂದು ದಾರಿ ಲಡಾಖಿನಲ್ಲಿದೆ. ಅದು ಲೇಹ್ ಪಟ್ಟಣದ ಪಶ್ಚಿಮಕ್ಕಿರುವ ಶಾಮ್ ಕಣಿವೆ.

ಲಿಕಿರ್ ಹಳ್ಳಿಯಿಂದ ಯಾಂಗ್‌ಥಾಂಗ್, ಅಲ್ಲಿಂದ ಹೆಮಿಸ್ ಶುಕ್ಪಚನ್, ಅಲ್ಲಿಂದ ಆಂಗ್ ಮೂಲಕ ತೆಮಿಸ್ಗಮ್. ಮೂರು ದಿನದ ನಡಿಗೆ. ಒಂದೊಂದು ದಿನವೂ ಮೂರರಿಂದ ಐದು ಗಂಟೆಯ ದಾರಿ. ನಿಮ್ಮವರಿಗೆ ಒಂದು ಗಂಟೆ ಹೆಚ್ಚು ಹಿಡಿಯಿರಿ. ನಡುವೆ ಫೋಬೆ ಲಾ, ಚರತ್ಸೆ ಲಾ, ಸರ್ಮಂಚನ್ ಲಾ, ಮೆಬ್ತಕ್ ಲಾ ಎಂಬ ಕಣಿವೆದಾರಿಗಳನ್ನು ಹತ್ತಿ ಇಳಿಯಬೇಕು. ಒಂದೂ 4,000 ಮೀಟರ್ ಎತ್ತರ ಮುಟ್ಟುವುದಿಲ್ಲ. ಪ್ರತಿ ರಾತ್ರಿಯೂ ಹಳ್ಳಿಯ ಮನೆಯೊಂದರಲ್ಲಿ ಊಟ, ಹಾಸಿಗೆ. ಈ ಹಳ್ಳಿಗಳಿಗೆಲ್ಲ ಈಗ ವಾಹನದ ರಸ್ತೆ ಬಂದಿದೆ, ಅಲ್ಲಲ್ಲಿ ಕಾಲುದಾರಿ ರಸ್ತೆಯ ಪಕ್ಕದಲ್ಲೇ ಸಾಗುತ್ತದೆ. ಪಳಗಿದ ಚಾರಣಿಗರು ಇದನ್ನೇ ಕೊರತೆ ಎನ್ನುತ್ತಾರೆ. ಹಿರಿಯರನ್ನು ಕರೆದುಕೊಂಡು ಹೋಗುವ ನಿಮಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರಿಲ್ಲ. ಚೀಲಗಳನ್ನು ಜೀಪಿನಲ್ಲಿ ಮುಂದಿನ ಹಳ್ಳಿಗೆ ಕಳುಹಿಸಬಹುದು. ಅವ್ವನ ಮೊಣಕಾಲು ನೋವು ಹೆಚ್ಚಾದರೆ ಅವರೂ ಅದೇ ಜೀಪಿನಲ್ಲಿ ಹೋಗಿ ಸಂಜೆ ನಿಮ್ಮನ್ನು ಎದುರುಗೊಳ್ಳಬಹುದು.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಈ ಚಾರಣ ಸುಲಭವಾಗುವುದೋ ಕಷ್ಟವಾಗುವುದೋ ಎಂಬುದು ನಡಿಗೆಯ ಮೊದಲಿನ ನಾಲ್ಕು ದಿನಗಳಲ್ಲೇ ತೀರ್ಮಾನವಾಗುತ್ತದೆ. ಗಂಗಾವತಿ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ, ಲೇಹ್ ಸುಮಾರು 3,500 ಮೀಟರ್. ದೆಹಲಿಯಿಂದ ವಿಮಾನದಲ್ಲಿ ಹೋದರೆ ಈ ವ್ಯತ್ಯಾಸವನ್ನು ಒಂದೂವರೆ ಗಂಟೆಯೊಳಗೆ ದಾಟುತ್ತೀರಿ. ಅಲ್ಲಿ ಗಾಳಿಯ ಒತ್ತಡ ಎಷ್ಟು ಕಡಿಮೆ ಎಂದರೆ ಪ್ರತಿ ಉಸಿರಿಗೂ ನಮಗೆ ಸಿಗುವ ಆಮ್ಲಜನಕ ಇಲ್ಲಿನ ಮೂರನೇ ಎರಡು ಭಾಗದಷ್ಟು. ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ತನ್ನದೇ ವೇಗದಲ್ಲಿ. ಕಾಲು ಎಷ್ಟೇ ಗಟ್ಟಿ ಇದ್ದರೂ, ದಿನಾ ಓಡುವ ಇಪ್ಪತ್ತರ ಹುಡುಗನಾದರೂ, ಆ ವೇಗವನ್ನು ಹೆಚ್ಚಿಸಲು ಬರುವುದಿಲ್ಲ. ಹುಡುಗರು ಮೊದಲ ದಿನವೇ ಬೈಕ್ ಏರಿ ಎತ್ತರದ ಕಣಿವೆದಾರಿಗೆ ಹೋಗಿ ರಾತ್ರಿ ವಾಂತಿ ಮಾಡಿಕೊಂಡು ಮಲಗುವುದನ್ನು ಲೇಹ್‌ನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಆದ್ದರಿಂದ ಪ್ಯಾಕೇಜ್ ಮಾರುವವರ ಕ್ರಮವನ್ನು ತಲೆಕೆಳಗು ಮಾಡಿ. ಅವರು ಮೊದಲು ಲೇಹ್ ತೋರಿಸಿ, ಎರಡನೇ ದಿನವೇ ದೂರದ ಸರೋವರಕ್ಕೆ ಒಯ್ಯುತ್ತಾರೆ. ನೀವು ವಿಮಾನ ಇಳಿದ ಕೂಡಲೇ ಕಾರು ಮಾಡಿಕೊಂಡು ಸಿಂಧೂ ನದಿಯ ಗುಂಟ ಕೆಳಗಿರುವ ಆಲ್ಚಿ ಹಳ್ಳಿಗೆ ಹೋಗಿ. ಎರಡು ಗಂಟೆಯ ದಾರಿ, ಒಳ್ಳೆಯ ರಸ್ತೆ. ಆಲ್ಚಿ ಸುಮಾರು 3,100 ಮೀಟರ್ ಎತ್ತರದಲ್ಲಿದೆ, ಅಂದರೆ ಲೇಹ್‌ಗಿಂತ ನಾನೂರು ಮೀಟರ್ ಕೆಳಗೆ. ಮೊದಲ ರಾತ್ರಿಯ ನಿದ್ರೆಗೆ ಈ ನಾನೂರು ಮೀಟರ್ ಬಹಳ ದೊಡ್ಡದು. ಅಲ್ಲಿ ಮೂರು ರಾತ್ರಿ ಇರಿ. ಮೊದಲ ದಿನ ಉಣ್ಣುವುದು, ನೀರು ಕುಡಿಯುವುದು, ಮಲಗುವುದು, ಇಷ್ಟೇ. ಆಮೇಲೆ ಲಿಕಿರ್‌ನಲ್ಲಿ ಒಂದು ರಾತ್ರಿ ಕಳೆದು ನಡಿಗೆ ಶುರು ಮಾಡಿ. ಲೇಹ್ ಪಟ್ಟಣ, ಥಿಕ್ಸೆ ಗೊಂಪಾ ಎಲ್ಲವನ್ನೂ ಕೊನೆಗೆ ಇಟ್ಟುಕೊಳ್ಳಿ. ಆ ಹೊತ್ತಿಗೆ ಅಪ್ಪ ಅವ್ವ ಮೆಟ್ಟಿಲು ಹತ್ತುತ್ತಾ ಮಾತಾಡುವಷ್ಟು ಒಗ್ಗಿರುತ್ತಾರೆ.

ತಲೆನೋವು, ಹಸಿವಿಲ್ಲದಿರುವುದು, ಓಕರಿಕೆ, ನಿದ್ರೆ ಬಾರದಿರುವುದು ಎತ್ತರದ ಕಾಯಿಲೆಯ ಮೊದಲ ಲಕ್ಷಣಗಳು. ಇವು ಕಂಡರೆ ಇನ್ನೂ ಮೇಲಕ್ಕೆ ಹೋಗಬಾರದು, ಇದ್ದಲ್ಲೇ ವಿಶ್ರಾಂತಿ ಪಡೆಯಬೇಕು. ಸುಮ್ಮನೆ ಕುಳಿತಾಗಲೂ ಏದುಸಿರು, ನಿಲ್ಲದ ಕೆಮ್ಮು, ನಡೆಯುವಾಗ ತೂರಾಟ, ಮಾತಿನಲ್ಲಿ ಗೊಂದಲ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ತಕ್ಷಣ ಕೆಳಗಿಳಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಅಪ್ಪ ನಾಚಿಕೆಗೆ ‘ಏನೂ ಆಗಿಲ್ಲ’ ಎನ್ನುತ್ತಾರೆ. ನಮ್ಮ ಕಡೆಯ ಹಿರಿಯರೆಲ್ಲ ಹಾಗೆಯೇ. ದಿನಕ್ಕೆರಡು ಸಲ ನೀವೇ ಕೇಳಿ, ತಟ್ಟೆಯಲ್ಲಿ ಎಷ್ಟು ಉಳಿಸಿದ್ದಾರೆ ಎಂದೂ ನೋಡಿ. ಎತ್ತರಕ್ಕೆ ಒಗ್ಗಲು ಅಸಿಟಜೋಲಮೈಡ್ ಎಂಬ ಮಾತ್ರೆ ಇದೆ, ಡಯಾಮಾಕ್ಸ್ ಹೆಸರಿನಲ್ಲಿ ಸಿಗುತ್ತದೆ. ಅದನ್ನು ಸ್ವಂತ ತೀರ್ಮಾನದಿಂದ ಕೊಡಬೇಡಿ. ಅದೂ ಮೂತ್ರ ಹೆಚ್ಚಿಸುವ ಔಷಧವೇ, ರಕ್ತದೊತ್ತಡದ ಕೆಲವು ಮಾತ್ರೆಗಳೂ ಅದೇ ಕೆಲಸ ಮಾಡುತ್ತವೆ. ಸಲ್ಫಾ ಔಷಧಿ ಒಗ್ಗದವರಿಗೂ ತೊಂದರೆ ಆಗಬಹುದು. ಅಪ್ಪನ ಮಾತ್ರೆಗಳ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ, ‘3,800 ಮೀಟರ್‌ವರೆಗೆ ಹೋಗುತ್ತೇವೆ’ ಎಂದು ಎತ್ತರ ಹೇಳಿಯೇ ಕೇಳಿ. ನಿದ್ರೆ ಮಾತ್ರೆ ಬೇಡ, ಮದ್ಯವಂತೂ ಬೇಡವೇ ಬೇಡ.

ಆಲ್ಚಿಯ ಮೂರು ದಿನ ಬೇಸರವಾದೀತು ಎಂದು ಯೋಚಿಸಬೇಡಿ. ಲಡಾಖಿನ ಬೇರೆ ಎಷ್ಟೋ ಗೊಂಪಾಗಳು ಗುಡ್ಡದ ನೆತ್ತಿಯಲ್ಲಿದ್ದರೆ ಆಲ್ಚಿಯದು ಊರೊಳಗೆ, ಸಮತಟ್ಟು ನೆಲದಲ್ಲಿದೆ. ಉಸಿರು ಕಟ್ಟದೆ ಹೋಗಿ ಬರಬಹುದು. ಅಲ್ಲಿನ ಸುಮ್ತ್ಸೆಕ್ ಎಂಬ ಮೂರಂತಸ್ತಿನ ಗುಡಿಯಲ್ಲಿ ಮೂರು ಗೂಡುಗಳಲ್ಲಿ ಮೂವರು ಬೋಧಿಸತ್ವರು, ಅಂದರೆ ಬುದ್ಧತ್ವದ ದಾರಿಯಲ್ಲಿರುವವರು, ನಿಂತಿದ್ದಾರೆ. ಮಣ್ಣಿನಲ್ಲಿ ಮಾಡಿದ ಮೂರ್ತಿಗಳು, ತಲೆ ಮೇಲಂತಸ್ತಿಗೆ ಮುಟ್ಟುವಷ್ಟು ಎತ್ತರ. ಒಳಗೆ ಕತ್ತಲೆ. ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಿ, ಆಮೇಲೆ ಅವರು ಉಟ್ಟ ಧೋತರಗಳನ್ನು ನೋಡಿ. ಅವಲೋಕಿತೇಶ್ವರನ ಧೋತರದ ತುಂಬ ಪುಟ್ಟ ಪುಟ್ಟ ಗುಡಿಗಳು, ಅರಮನೆಗಳು. ಮೈತ್ರೇಯನ ಧೋತರದ ಮೇಲೆ ಬುದ್ಧನ ಬದುಕಿನ ಕಥೆ, ಮಂಜುಶ್ರೀಯದರ ಮೇಲೆ ಎಂಬತ್ತನಾಲ್ಕು ಸಿದ್ಧರು. ಕಾಶ್ಮೀರದ ಕಲೆಯ ಪ್ರಭಾವದಿಂದ ಮೂಡಿದ ಈ ಚಿತ್ರಗಳು ಎಂಟು ನೂರು ವರ್ಷಕ್ಕೂ ಹಳೆಯವು. ಕಾಶ್ಮೀರದಲ್ಲೇ ಆ ಕಾಲದ ಇಂಥ ಚಿತ್ರ ಉಳಿದಿಲ್ಲ. ಇಳಕಲ್ ಸೀರೆಯ ಸೆರಗನ್ನು ಬೆರಳಲ್ಲಿ ಹಿಡಿದು ನೋಡಬಲ್ಲ ನಿಮ್ಮ ಅವ್ವನಿಗೆ ಆ ಧೋತರದ ಅಂಚುಗಳು ಯಾರೂ ಹೇಳದೆಯೇ ಅರ್ಥವಾಗುತ್ತವೆ. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ, ಅದು ಒಳ್ಳೆಯದೇ.

ಲಿಕಿರ್ ಗೊಂಪಾದ ಹೊರಗೆ 23 ಮೀಟರ್ ಎತ್ತರದ ಮೈತ್ರೇಯ ಬುದ್ಧ ಕುಳಿತಿದ್ದಾನೆ. ಆಲ್ಚಿಯ ಗುಡಿಗಳನ್ನು ನೋಡಿಕೊಳ್ಳುವವರೂ ಲಿಕಿರ್‌ನ ಭಿಕ್ಷುಗಳೇ. ಟಿಬೆಟಿನ ಬೌದ್ಧರ ಗೆಲುಗ್ ಪಂಥಕ್ಕೆ ಸೇರಿದ ಎಷ್ಟೋ ಲಡಾಖಿ ಭಿಕ್ಷುಗಳು ಓದಲು, ಆ ಪಂಥದ ದೊಡ್ಡ ಮಠಗಳಿರುವ ನಮ್ಮ ಮುಂಡಗೋಡಿಗೆ ಬರುತ್ತಾರೆ. ನಮ್ಮ ಬಳ್ಳಾರಿಯ ತಂಡ ಹೋದಾಗ ಅಂಗಳದಲ್ಲಿ ನಮ್ಮ ಮಾತು ಕೇಳಿಸಿಕೊಂಡ ಒಬ್ಬ ಯುವ ಭಿಕ್ಷು ಹತ್ತಿರ ಬಂದು ‘ಊಟ ಮಾಡಿದಿರಾ?’ ಎಂದು ಕನ್ನಡದಲ್ಲೇ ಕೇಳಿದರು. ಹುಬ್ಬಳ್ಳಿಯ ಬಸ್ ನಿಲ್ದಾಣ, ಮುಂಡಗೋಡಿನ ಮಳೆ ಎಲ್ಲವನ್ನೂ ನೆನೆದು ಬಹಳ ಹೊತ್ತು ಮಾತಾಡಿದರು. ನೀವೂ ಕರ್ನಾಟಕದವರು ಎಂದು ಹೇಳಿಕೊಳ್ಳಿ.

ಯಾಂಗ್‌ಥಾಂಗ್ ತಲುಪಿದ ಮೇಲೆ ಶಕ್ತಿಯಿದ್ದರೆ ಒಂದು ದಿನ ಹೆಚ್ಚು ನಿಂತು ಕಣಿವೆಯೊಳಗಿನ ರಿಜೊಂಗ್ ಗೊಂಪಾಕ್ಕೆ ಇಳಿದು ಬನ್ನಿ. 1831ರಲ್ಲಿ ಸ್ಥಾಪನೆಯಾದದ್ದು, ಶಿಸ್ತಿಗೆ ಹೆಸರಾದದ್ದು. ಇಳಿಯುವುದು ಸಲೀಸು, ಹತ್ತಿ ಬರುವುದು ಕಷ್ಟ. ಅಪ್ಪ ಅವ್ವನಿಗೆ ಹಿಂದಿರುಗಲು ಕೆಳಗಿನ ರಸ್ತೆಗೆ ವಾಹನ ಹೇಳಿಡಿ. ಹೆಮಿಸ್ ಶುಕ್ಪಚನ್‌ನಲ್ಲಿ ಊರ ಪಕ್ಕ ಹಳೆಯ ಜುನಿಪರ್ ಮರಗಳಿವೆ, ಅವನ್ನು ಪವಿತ್ರವೆಂದು ಕಾಪಾಡಿಕೊಂಡಿದ್ದಾರೆ, ಕೊಂಬೆ ಮುರಿಯಬಾರದು. ಹೋಮ್‌ಸ್ಟೇ ಗೊತ್ತುಮಾಡುವಾಗ ಊರಿನ ಹೆಸರನ್ನು ಪೂರ್ತಿ ಹೇಳಿ. ದೊಡ್ಡ ಜಾತ್ರೆಯ ಹೆಮಿಸ್ ಗೊಂಪಾ ಲೇಹ್‌ನ ಇನ್ನೊಂದು ದಿಕ್ಕಿನಲ್ಲಿದೆ. ಬರಿಯ ಹೆಮಿಸ್ ಎಂದರೆ ಚಾಲಕ ಅಲ್ಲಿಗೇ ಕರೆದೊಯ್ಯುತ್ತಾನೆ. ಕೊನೆಯ ಊರು ತೆಮಿಸ್ಗಮ್‌ನಲ್ಲಿ ಗುಡ್ಡದ ಮೇಲೆ ಹಳೆಯ ಅರಮನೆಯ ಅವಶೇಷ ಮತ್ತು ಗೊಂಪಾ. ಲಡಾಖ್ ಮತ್ತು ಟಿಬೆಟ್ ನಡುವೆ 1684ರಲ್ಲಿ ಗಡಿ ಮತ್ತು ಪಶ್ಮೀನಾ ಉಣ್ಣೆಯ ವ್ಯಾಪಾರದ ಒಪ್ಪಂದ ಆದದ್ದು ಇಲ್ಲಿಯೇ.

ದಾರಿಯಲ್ಲಿ ಮಂತ್ರ ಕೆತ್ತಿದ ಕಲ್ಲುಗಳನ್ನು ಒಟ್ಟಿದ ಉದ್ದನೆಯ ಗೋಡೆಗಳು, ಸುಣ್ಣ ಬಳಿದ ಸ್ತೂಪಗಳು ಸಿಗುತ್ತವೆ. ಅವು ನಿಮ್ಮ ಬಲಕ್ಕಿರುವಂತೆ ದಾಟಿ. ನಮ್ಮ ಪ್ರದಕ್ಷಿಣೆಯ ಕ್ರಮವೇ. ಗೋಡೆಯ ಮೇಲೆ ಕುಳಿತುಕೊಳ್ಳುವುದು, ಕಲ್ಲು ಎತ್ತಿಕೊಳ್ಳುವುದು ಸಲ್ಲದು.

ಗೈಡ್ ಬಗ್ಗೆ: ದೆಹಲಿಯಿಂದ ಬರುವವರಿಗಿಂತ ಅಲ್ಲಿನ ಹಳ್ಳಿಯವರೇ ಮೇಲು. ಗೊಂಪಾದ ಬೀಗದ ಕೈ ಯಾರ ಮನೆಯಲ್ಲಿದೆ, ಯಾವ ಮನೆಯಲ್ಲಿ ಹಿರಿಯರಿಗೆ ಕೆಳಗಿನ ಕೋಣೆ ಇದೆ ಎಂಬುದೆಲ್ಲ ಅವರಿಗೆ ಗೊತ್ತು. ಅವ್ವನಿಗೆ ಹೆಣ್ಣುಮಗಳು ಜೊತೆಗಿದ್ದರೆ ಸಲೀಸು ಎನಿಸಿದರೆ, ಲೇಹ್‌ನಲ್ಲಿ ಲಡಾಖಿ ವಿಮೆನ್ಸ್ ಟ್ರಾವೆಲ್ ಕಂಪನಿ ಎಂಬ, ಮಹಿಳೆಯರೇ ನಡೆಸುವ ಸಂಸ್ಥೆ 2009ರಿಂದ ಇದೆ. ಅಲ್ಲಿ ಮಹಿಳಾ ಗೈಡ್‌ಗಳೇ ಇದ್ದಾರೆ. ಯಾರನ್ನೇ ಗೊತ್ತುಮಾಡಿ, ಒಂದು ಪ್ರಶ್ನೆ ಕೇಳಿ: ‘ನಮ್ಮವರಲ್ಲಿ ಒಬ್ಬರಿಗೆ ಆಗದಿದ್ದರೆ ಆ ದಿನದ ಕಾರ್ಯಕ್ರಮ ಬದಲಿಸುತ್ತೀರಾ?’ ಹಿಂಜರಿದವರನ್ನು ಬಿಟ್ಟುಬಿಡಿ.

ಊಟಕ್ಕೆ ನಮ್ಮವರು ಹೆದರಬೇಕಾಗಿಲ್ಲ. ಖಂಬೀರ್ ಎಂಬ ದಪ್ಪ ರೊಟ್ಟಿ, ಹಿಟ್ಟಿನ ತುಂಡುಗಳನ್ನು ತರಕಾರಿ ಜೊತೆ ಬೇಯಿಸಿದ ಸ್ಕ್ಯು, ಅನ್ನ, ಬೇಳೆ, ಮೊಸರು ಸಿಗುತ್ತವೆ. ಸಸ್ಯಾಹಾರವೇ ಬೇಕೆಂದು ಮೊದಲೇ ತಿಳಿಸಿ. ಮನೆಯಿಂದ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಶೇಂಗಾ ಉಂಡೆ ಕಟ್ಟಿಕೊಳ್ಳಿ. ಖಂಬೀರ್, ಮೊಸರು, ಗುರೆಳ್ಳು ಪುಡಿ ಒಟ್ಟಿಗೆ ಉಂಡರೆ ಅಪ್ಪನಿಗೆ ಜೋಳದ ರೊಟ್ಟಿಯ ನೆನಪು ಕಾಡುವುದಿಲ್ಲ. ಬೆಣ್ಣೆ, ಉಪ್ಪು ಹಾಕಿದ ಚಹಾ ಮೊದಲ ಗುಟುಕಿಗೆ ವಿಚಿತ್ರ ಅನಿಸುತ್ತದೆ. ಚಹಾ ಎಂದುಕೊಳ್ಳದೆ ಸಾರು ಎಂದುಕೊಂಡು ಕುಡಿಯಲು ಹೇಳಿ. ಶೌಚಾಲಯಗಳು ಹೆಚ್ಚಾಗಿ ನೀರಿಲ್ಲದವು. ಮೇಲಿನ ಕೋಣೆಯ ನೆಲದಲ್ಲಿ ಕಿಂಡಿ, ಬಳಸಿದ ಮೇಲೆ ಸಲಿಕೆಯಲ್ಲಿ ಮಣ್ಣು ಹಾಕಬೇಕು. ಅದೇ ಗೊಬ್ಬರವಾಗಿ ಅವರ ಜವೆಗೋಧಿ ಹೊಲಕ್ಕೆ ಹೋಗುತ್ತದೆ. ಇದನ್ನು ಹಿರಿಯರಿಗೆ ಮೊದಲೇ ಹೇಳಿ ಒಪ್ಪಿಸಿ. ಎಷ್ಟೋ ಹಿರಿಯರಿಗೆ ಎತ್ತರಕ್ಕಿಂತ ಇದೇ ದೊಡ್ಡ ತೊಡಕು.

ಕಾಲಕ್ಕೆ ಸೆಪ್ಟೆಂಬರ್ ನನ್ನ ಆಯ್ಕೆ. ಜುಲೈ, ಆಗಸ್ಟ್‌ನಲ್ಲಿ ಏಪ್ರಿಕಾಟ್ ಹಣ್ಣು ಯಥೇಚ್ಛ, ಆದರೆ ನೆರಳಿಲ್ಲದ ಆ ಬೋಳುಗುಡ್ಡಗಳಲ್ಲಿ ಮಧ್ಯಾಹ್ನದ ಬಿಸಿಲು ಬಳ್ಳಾರಿಯವರನ್ನೂ ಸುಸ್ತು ಮಾಡುತ್ತದೆ. ಬೆಳಿಗ್ಗೆ ಬೇಗ ಹೊರಟು ಊಟದ ಹೊತ್ತಿಗೆ ಮುಂದಿನ ಹಳ್ಳಿ ಸೇರುವುದು ಕ್ಷೇಮ. ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ, ತುಟಿಗೆ ಹಚ್ಚಲು ಮುಲಾಮು, ರಾತ್ರಿಗೆ ಉಣ್ಣೆ ಟೋಪಿ ಮತ್ತು ದಪ್ಪ ಸ್ವೆಟರ್ ಇರಲಿ. ಬೂಟು ಹೊಸದಾದರೆ ಈಗಲೇ ಕೊಂಡು ಹಾಕಿಕೊಂಡು ಓಡಾಡಲಿ.

ಅಭ್ಯಾಸಕ್ಕೆ ನಿಮ್ಮ ಮನೆ ಹತ್ತಿರವೇ ಅಂಜನಾದ್ರಿ ಇದೆ. ಐನೂರ ಎಪ್ಪತ್ತಕ್ಕೂ ಹೆಚ್ಚು ಮೆಟ್ಟಿಲು. ವಾರಕ್ಕೆ ಮೂರು ದಿನ, ಸೂರ್ಯ ಏರುವ ಮೊದಲು, ಮಾತಾಡಿಕೊಂಡೇ ಹತ್ತುವಷ್ಟು ನಿಧಾನವಾಗಿ. ಮಾತು ತುಂಡಾಗುವಷ್ಟು ಉಸಿರು ಬಂದರೆ ವೇಗ ಹೆಚ್ಚಾಯಿತು ಎಂದೇ ತಿಳಿಯಿರಿ. ಇಳಿಯುವಾಗ ಊರುಗೋಲು ಹಿಡಿಯುವ ಅಭ್ಯಾಸವನ್ನು ಅವ್ವ ಇಲ್ಲಿಯೇ ಮಾಡಿಕೊಳ್ಳಲಿ, ಮೆಬ್ತಕ್ ಲಾದ ಆಚೆಯ ಇಳಿಜಾರಿನಲ್ಲಿ ಮೊಣಕಾಲು ಉಳಿಯುತ್ತದೆ. ಒಂದು ಭಾನುವಾರ ಕೊಪ್ಪಳಕ್ಕೆ ಹೋಗಿ ಗವಿಮಠದ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳನ್ನೂ ತೋರಿಸಿ ಬನ್ನಿ. ಬುದ್ಧನಿಗೆ ಶರಣಾದ ದೊರೆಯ ಮಾತು ನಮ್ಮ ಬಂಡೆಗಳ ಮೇಲೆ ಎರಡು ಸಾವಿರದ ಇನ್ನೂರು ವರ್ಷಗಳಿಂದ ಇದೆ ಎಂದು ಕಂಡ ಮೇಲೆ ಗೊಂಪಾಗಳು ಅವರಿಗೆ ಪರಕೀಯ ಅನಿಸುವುದಿಲ್ಲ.

ಪ್ರಯಾಣದ ಮಾತು ಚಿಕ್ಕದು. ರಾಯಚೂರಿಗೆ ಬಂದು ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದರೆ ನೇರ ದೆಹಲಿ. ಅಲ್ಲಿ ಒಂದು ರಾತ್ರಿ ವಿಶ್ರಾಂತಿ ಪಡೆದು ಬೆಳಗಿನ ವಿಮಾನ ಹಿಡಿಯಿರಿ. ಲೇಹ್ ವಿಮಾನಗಳು ಹವಾಮಾನಕ್ಕೆ ರದ್ದಾಗುವುದುಂಟು, ಆದ್ದರಿಂದ ಹಿಂದಿರುಗುವಾಗ ದೆಹಲಿಯ ರೈಲಿಗೆ ಒಂದು ದಿನದ ಅಂತರ ಇಟ್ಟುಕೊಳ್ಳಿ. ನೀವು ಹೇಳಿದ ಹತ್ತು ದಿನ ಸಾಲುವುದಿಲ್ಲ, ರೈಲಿನ ದಿನ ಸೇರಿ ಹದಿನೈದು ದಿನದ ರಜೆ ಹಾಕಿ. ಅಷ್ಟು ರಜೆ ಸಿಗದಿದ್ದರೆ ಕಡಿಮೆ ಮಾಡಬೇಕಾದದ್ದು ನಡಿಗೆಯ ದಿನ, ಆಲ್ಚಿಯ ದಿನವನ್ನು ಮುಟ್ಟಬೇಡಿ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ. ಹಳ್ಳಿಗಳಲ್ಲಿ ಎಟಿಎಂ ನೆಚ್ಚಿಕೊಳ್ಳದೆ ಚಿಲ್ಲರೆ ನೋಟುಗಳನ್ನು ಒಯ್ಯಿರಿ.

ಟಿಕೆಟ್ ಮಾಡಿಸುವ ಮೊದಲು ವೈದ್ಯರು ಅಪ್ಪನ ಬಗ್ಗೆ ಏನೆಂದರು ಎಂದು ಇಲ್ಲೇ ಬರೆಯಿರಿ. ಅವರು ಒಪ್ಪಿದರೆ ದಿನದಿನದ ಪಟ್ಟಿಯನ್ನು ಕೂತು ಮಾಡೋಣ. ಹಿರಿಯರನ್ನು ಕರೆದೊಯ್ದು ಬಂದ ಇನ್ನೂ ಕೆಲವರು ಗುಂಪಿನಲ್ಲಿದ್ದಾರೆ, ಅವರೂ ತಮಗೆ ಗೊತ್ತಿರುವ ಮನೆಗಳ ಬಗ್ಗೆ ತಿಳಿಸಲಿ.