ಸ್ಯಾಂಪಲ್ ಸರಿ ಬರುತ್ತೆ, ಸಬ್ಮಿಟ್ ಮಾಡಿದರೆ ತಪ್ಪು ಅನ್ನುತ್ತೆ: ಬ್ಲಾಕ್ಸ್ ಪ್ರಾಬ್ಲಮ್‌ನಲ್ಲಿ ನನ್ನ ಕೋಡ್ ಎಲ್ಲಿ ಎಡವುತ್ತಿದೆ?

ನಿಮ್ಮ ತಪ್ಪು ಎಲ್ಲಿದೆ ಅಂತ ಸಿಕ್ಕಿತು, ಹೇಳ್ತೀನಿ. ಅದಕ್ಕೂ ಮೊದಲು ಒಂದು ಮಾತು: ಪ್ರಾಬ್ಲಮ್ ಜೊತೆ ಉದಾಹರಣೆಗೆ ಕೊಟ್ಟಿರುವ ಆ ಸ್ಯಾಂಪಲ್ ಇನ್‌ಪುಟ್‌ನ ನಂಬಬೇಡಿ.

ಈ ಲೆಕ್ಕ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಇದು ಯುವಿಎ ಆನ್‌ಲೈನ್ ಜಡ್ಜ್ (ಕೋಡ್ ಸಬ್ಮಿಟ್ ಮಾಡಿದರೆ ಸರಿಯೋ ತಪ್ಪೋ ಅಂತ ಹೇಳುವ ಸೈಟ್) ನ 101ನೇ ಪ್ರಾಬ್ಲಮ್. 25ಕ್ಕಿಂತ ಕಡಿಮೆ ಬ್ಲಾಕ್‌ಗಳು, 0ಯಿಂದ ನಂಬರ್ ಹಾಕಿ ಸಾಲಾಗಿ ಇಟ್ಟಿರುತ್ತವೆ. ಪ್ರತಿ ಬ್ಲಾಕ್‌ಗೂ ತನ್ನದೇ ನಂಬರಿನ ಒಂದು ಮನೆ. ಆಮೇಲೆ ಕಮಾಂಡ್‌ಗಳು ಬರುತ್ತವೆ: ಮೂವ್ ಎ ಆಂಟೂ ಬಿ, ಮೂವ್ ಎ ಓವರ್ ಬಿ, ಪೈಲ್ ಎ ಆಂಟೂ ಬಿ, ಪೈಲ್ ಎ ಓವರ್ ಬಿ. ನಾಲ್ಕರಲ್ಲೂ ಎ ಹೋಗಿ ಬಿ ಇರುವ ಅಟ್ಟಿಯ ಮೇಲೆ ಕೂರುತ್ತದೆ; ಮೂವ್ ಇದ್ದರೆ ಎ ಮೇಲಿರುವ ಬ್ಲಾಕ್‌ಗಳನ್ನು, ಆಂಟೂ ಇದ್ದರೆ ಬಿ ಮೇಲಿರುವವನ್ನು, ಮೊದಲು ಅವುಗಳ ಮನೆಗೆ ವಾಪಸ್ ಕಳಿಸಬೇಕು. ಕ್ವಿಟ್ ಬಂದಾಗ ಯಾವ ಮನೆಯಲ್ಲಿ ಯಾವ ಅಟ್ಟಿ ಇದೆ ಅಂತ ಪ್ರಿಂಟ್ ಮಾಡಬೇಕು. ಎ, ಬಿ ಎರಡೂ ಒಂದೇ ಅಟ್ಟಿಯಲ್ಲಿದ್ದರೆ ಆ ಕಮಾಂಡ್‌ನ ಸುಮ್ನೆ ಬಿಟ್ಟುಬಿಡಬೇಕು.

ಈಗ ಸ್ಯಾಂಪಲ್‌ನ ಪೇಪರ್ ಮೇಲೆ ಓಡಿಸಿ ನೋಡಿ. 9, 8, 7, 6 ಒಂದೊಂದಾಗಿ 1ರ ಮೇಲೆ ಹೋಗುತ್ತವೆ. 'ಪೈಲ್ 8 ಓವರ್ 6' ಒಂದೇ ಅಟ್ಟಿ, ಬಿಟ್ಟೆವು. 8, 7, 6 ಮೂರೂ ಒಟ್ಟಿಗೆ 5ರ ಮೇಲೆ. ಆಮೇಲೆ 2, 4 ಬಂದು 1ರ ಅಟ್ಟಿ ಸೇರುತ್ತವೆ. ಮುಗೀತು. ಇದರಲ್ಲಿ ಒಂದೇ ಒಂದು ಬ್ಲಾಕ್ ಆದರೂ ವಾಪಸ್ ಮನೆಗೆ ಹೋಯಿತಾ? ಇಲ್ಲ! 'ಆಂಟೂ' ಬಂದಿದ್ದು ಒಂದೇ ಸಲ, ಆಗ 1ರ ತಲೆ ಮೇಲೆ ಏನೂ ಇರಲಿಲ್ಲ. 'ಪೈಲ್ ಆಂಟೂ' ಬಂದೇ ಇಲ್ಲ. ಅಂದರೆ ಈ ಲೆಕ್ಕದ ಕಷ್ಟದ ಭಾಗ, ಮನೆಗೆ ಕಳಿಸುವ ಕೆಲಸ, ಸ್ಯಾಂಪಲ್‌ನಲ್ಲಿ ನಡೆಯುವುದೇ ಇಲ್ಲ. ಆ ಕೋಡ್‌ನ ಪೂರ್ತಿ ಅಳಿಸಿ ಹಾಕಿದರೂ ಸ್ಯಾಂಪಲ್ ಪಾಸ್ ಆಗುತ್ತದೆ.

ನಿಮ್ಮ ತಪ್ಪು ಇರುವುದು ಸರಿಯಾಗಿ ಅಲ್ಲೇ. ಫಾರ್ ಲೂಪ್‌ನಲ್ಲಿ ಅಟ್ಟಿಯ ಲಿಸ್ಟ್ ಮೇಲೆ ನಡೆಯುತ್ತಾ, ಎ ದಾಟಿದ ಮೇಲೆ ಸಿಗುವ ಪ್ರತಿಯೊಂದನ್ನೂ ಅದೇ ಲಿಸ್ಟ್‌ನಿಂದ ರಿಮೂವ್ ಮಾಡುತ್ತಿದ್ದೀರಿ. ಪೈಥಾನ್‌ನಲ್ಲಿ ಇದು ಎರರ್ ಕೊಡುವುದಿಲ್ಲ, ಸದ್ದಿಲ್ಲದೆ ಕೈಕೊಡುತ್ತದೆ. 1ರ ಮನೆಯಲ್ಲಿ 1 2 3 4 ಇದೆ, 1ರ ಮೇಲಿನದ್ದನ್ನೆಲ್ಲ ಕಳಿಸಬೇಕು ಅಂದುಕೊಳ್ಳಿ. ಲೂಪ್ 2ನ್ನು ನೋಡಿ ತೆಗೆಯಿತು. ಲಿಸ್ಟ್ ಈಗ 1 3 4. ಮುಂದಿನ ಜಾಗಕ್ಕೆ ಹೋಗುವಷ್ಟರಲ್ಲಿ 3 ಒಂದು ಹೆಜ್ಜೆ ಹಿಂದೆ ಸರಿದಿದೆ, ಅದು ಲೂಪಿನ ಕಣ್ಣಿಗೆ ಬೀಳಲೇ ಇಲ್ಲ. 4ನ್ನು ತೆಗೆಯಿತು, ಲೂಪ್ ಮುಗಿಯಿತು. 3 ಅಲ್ಲೇ ಕೂತಿದೆ. ಆಮೇಲೆ ನೀವು 1ನ್ನು ಎತ್ತಿಕೊಂಡು ಹೋಗುತ್ತೀರಿ, 1ರ ಮನೆಯಲ್ಲಿ 3 ಒಂದೇ ಉಳಿಯುತ್ತದೆ.

ಸರಿ ಮಾಡುವುದು ಸುಲಭ. ನಡೆಯುತ್ತಾ ತೆಗೆಯಬೇಡಿ, ತುದಿಯಿಂದ ಪಾಪ್ ಮಾಡಿ, ಅಂದರೆ ಲಿಸ್ಟ್‌ನ ಕೊನೆಯದನ್ನು ಒಂದೊಂದಾಗಿ ತೆಗೆಯಿರಿ. ತುದಿಯಲ್ಲಿ ಎ ಸಿಗುವವರೆಗೂ ಪಾಪ್ ಮಾಡು, ಸಿಕ್ಕಿದ್ದನ್ನು ಅದರ ಮನೆಗೆ ಹಾಕು. ಅಷ್ಟೇ. ಈ ಕೆಲಸಕ್ಕೆ ಒಂದು ಫಂಕ್ಷನ್ ಬರೆದು 'ತೆರವು' ಅಂತ ಹೆಸರಿಡಿ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಿಮ್ಮ ಕೋಡ್‌ನಲ್ಲಿ ನಾಲ್ಕು ಕಮಾಂಡ್‌ಗೆ ನಾಲ್ಕು ಇಫ್, ಪ್ರತಿಯೊಂದರಲ್ಲೂ ಹೆಚ್ಚುಕಮ್ಮಿ ಅದೇ ಹದಿನೈದು ಸಾಲು. ಹಾಗಾಗಿ ಒಂದೇ ತಪ್ಪು ಮೂರು ಕಡೆ ಕೂತಿದೆ. ಕಮಾಂಡ್‌ಗಳನ್ನು ಸ್ವಲ್ಪ ಬೇರೆ ಥರ ಓದಿ ನೋಡಿ. ಮೊದಲ ಪದ ಎ ಬಗ್ಗೆ ಮಾತ್ರ ಹೇಳುತ್ತದೆ: ಮೂವ್ ಅಂದರೆ ಎ ಮೇಲಿನದ್ದನ್ನು ಮನೆಗೆ ಕಳಿಸು, ಪೈಲ್ ಅಂದರೆ ಕಳಿಸಬೇಡ. ಮೂರನೇ ಪದ ಬಿ ಬಗ್ಗೆ ಮಾತ್ರ: ಆಂಟೂ ಅಂದರೆ ಬಿ ಮೇಲಿನದ್ದನ್ನು ಕಳಿಸು, ಓವರ್ ಅಂದರೆ ಬೇಡ. ಒಂದಕ್ಕೊಂದು ಸಂಬಂಧವೇ ಇಲ್ಲ. ಹಾಗಾದರೆ ಇಡೀ ಪ್ರೋಗ್ರಾಂನ ಹೊಟ್ಟೆ ಇಷ್ಟೇ:

ಎ, ಬಿ ಒಂದೇ ಅಟ್ಟಿಯಲ್ಲಿದ್ದರೆ: ಮುಂದಿನ ಕಮಾಂಡ್‌ಗೆ ಹೋಗು
ಮೊದಲ ಪದ ಮೂವ್ ಆದರೆ: ತೆರವು(ಎ)
ಮೂರನೇ ಪದ ಆಂಟೂ ಆದರೆ: ತೆರವು(ಬಿ)
ಎ ಮತ್ತು ಅದರ ಮೇಲಿರುವುದನ್ನು ಎತ್ತಿ ಬಿ ಅಟ್ಟಿಯ ತುದಿಗೆ ಇಡು

ಕೊನೆಯ ಸಾಲು ಮೂವ್‌ಗೂ ಸರಿ, ಪೈಲ್‌ಗೂ ಸರಿ. ಮೂವ್ ಆಗಿದ್ದರೆ ಎ ಮೇಲೆ ಅಷ್ಟೊತ್ತಿಗೆ ಏನೂ ಉಳಿದಿರುವುದಿಲ್ಲ, ಅಲ್ವಾ?

ಎತ್ತುವಾಗ ಮಾತ್ರ ಲಿಸ್ಟ್‌ನ ಒಂದೇ ಸಲ ಕತ್ತರಿಸಿ ಅಂಟಿಸಿ. ನಾನು ಮೊದಲ ಸಲ ಬರೆದಾಗ ಒಂದೊಂದೇ ಪಾಪ್ ಮಾಡಿ ಆ ಕಡೆ ಪುಶ್ ಮಾಡಿದ್ದೆ, ಅಟ್ಟಿ ತಲೆಕೆಳಗಾಯಿತು. ಪುಣ್ಯಕ್ಕೆ ಅದನ್ನು ಸ್ಯಾಂಪಲ್ಲೇ ಹಿಡಿಯುತ್ತದೆ: 5 8 7 6 ಬರಬೇಕಾದಲ್ಲಿ 5 6 7 8 ಬರುತ್ತದೆ. (ಅಡ್ವೆಂಟ್ ಆಫ್ ಕೋಡ್ ಅನ್ನುವ ಪ್ರೋಗ್ರಾಮಿಂಗ್ ಪಜಲ್ ಸರಣಿಯಲ್ಲಿ 2022ರ 5ನೇ ದಿನದ ಪಜಲ್ ಮಾಡಿದವರಿಗೆ ಇದು ಗೊತ್ತಿರುತ್ತದೆ. ಅಲ್ಲಿ ಮೊದಲ ಭಾಗದಲ್ಲಿ ಪೆಟ್ಟಿಗೆಗಳು ಒಂದೊಂದಾಗಿ ಹೋಗಿ ತಲೆಕೆಳಗಾಗಬೇಕು, ಎರಡನೇ ಭಾಗದಲ್ಲಿ ಒಟ್ಟಿಗೆ ಹೋಗಿ ಕ್ರಮ ಉಳಿಯಬೇಕು. ಎರಡಕ್ಕೂ ಇರುವ ವ್ಯತ್ಯಾಸ ಕೋಡ್‌ನಲ್ಲಿ ಒಂದೇ ಸಾಲು.)

ಕಾಮೆಂಟ್‌ನಲ್ಲಿ ನೀವು ಇನ್ನೊಂದು ಕೇಳಿದ್ದೀರಿ: ಮನೆಗೆ ಕಳಿಸುವಾಗ ಆ ಮನೆಯಲ್ಲಿ ಬೇರೆ ಯಾರಾದರೂ ಕೂತಿದ್ದರೆ? ಒಳ್ಳೆ ಪ್ರಶ್ನೆ. ಹಾಗೆ ಆಗಲು ಸಾಧ್ಯವೇ ಇಲ್ಲ. ಶುರುವಿನಲ್ಲಿ 7ರ ಮನೆಯ ತಳದಲ್ಲಿ 7 ಇದೆ. ಅದು ಹೊರಡುವುದು ಹೇಗೆ? ಒಂದೋ ಮೇಲಿನವರನ್ನೆಲ್ಲ ಕಳಿಸಿ, ಇಲ್ಲಾ ಮೇಲಿನವರನ್ನೆಲ್ಲ ಕರೆದುಕೊಂಡು. ಎರಡರಲ್ಲೂ ಮನೆ ಪೂರ್ತಿ ಖಾಲಿ. ಖಾಲಿ ಮನೆಗೆ ಬೇರೆ ಬ್ಲಾಕ್ ಹೋಗಲು ದಾರಿಯಿಲ್ಲ, ಏಕೆಂದರೆ ಪ್ರತಿ ಕಮಾಂಡ್ ಕೂಡ ಇನ್ನೊಂದು ಬ್ಲಾಕ್ ಇರುವ ಕಡೆಗೇ ಕಳಿಸುತ್ತದೆ. ಹಾಗಾಗಿ ಯಾವ ಮನೆ ಆದರೂ ಒಂದೋ ಖಾಲಿ, ಇಲ್ಲಾ ತಳದಲ್ಲಿ ಮನೆ ಯಜಮಾನನೇ ಇರುತ್ತಾನೆ. ಈ ಒಂದು ಮಾತನ್ನು ಅಸರ್ಟ್ (ಸುಳ್ಳಾದರೆ ಪ್ರೋಗ್ರಾಂನ ಅಲ್ಲೇ ನಿಲ್ಲಿಸುವ ಸಾಲು) ಮಾಡಿ ಪ್ರತಿ ಕಮಾಂಡ್ ಆದ ಮೇಲೆ ಇಡಿ. ನಿಮ್ಮ ಹಳೆ ಕೋಡ್‌ನಲ್ಲಿ 1ರ ಮನೆಯಲ್ಲಿ 3 ಕೂತ ಕ್ಷಣವೇ ಅದು ಕೂಗಿಕೊಳ್ಳುತ್ತಿತ್ತು.

ಯಾವ ಬ್ಲಾಕ್ ಎಲ್ಲಿದೆ ಅಂತ ಬೇರೆ ಅರೇ ಇಟ್ಟಿದ್ದೀರಲ್ಲ, ಅದನ್ನು ತೆಗೆದುಬಿಡಿ. ಜಾಸ್ತಿ ಅಂದರೆ 24 ಬ್ಲಾಕ್, ಪ್ರತಿ ಸಲ ಹುಡುಕಿದರೂ ಏನೂ ಆಗಲ್ಲ. ಒಂದೇ ವಿಷಯ ಎರಡು ಕಡೆ ಬರೆದಿಟ್ಟರೆ ಒಂದು ಕಡೆ ತಿದ್ದಲು ಮರೆಯುತ್ತೇವೆ. ಪ್ರಿಂಟ್ ಮಾಡುವಾಗ ಸಾಲಿನ ಕೊನೆಯಲ್ಲಿ ಸ್ಪೇಸ್ ಬಿಡಬೇಡಿ, ಖಾಲಿ ಮನೆಗೆ ನಂಬರ್ ಮತ್ತು ಕೋಲನ್ ಸಾಕು.

ಸಬ್ಮಿಟ್ ಮಾಡುವ ಮೊದಲು 5 ಬ್ಲಾಕ್ ಇಟ್ಟು ಇದನ್ನು ಓಡಿಸಿ:

ಮೂವ್ 2 ಓವರ್ 1
ಮೂವ್ 3 ಓವರ್ 1
ಮೂವ್ 4 ಓವರ್ 1
ಮೂವ್ 1 ಆಂಟೂ 0
ಪೈಲ್ 0 ಆಂಟೂ 3
ಮೂವ್ 4 ಓವರ್ 0
ಪೈಲ್ 2 ಆಂಟೂ 0
ಮೂವ್ 3 ಆಂಟೂ 2

ಬರಬೇಕಾದ್ದು:

0:
1: 1
2:
3: 3 0 2
4: 4

ನಿಮ್ಮ ಈಗಿನ ಕೋಡ್‌ನ ಇದರ ಮೇಲೆ ಕೈಯಲ್ಲೇ ಓಡಿಸಿ ನೋಡಿದೆ. ಐದೂ ಬ್ಲಾಕ್ ಹೋಗಿ 1ರ ಮನೆಯಲ್ಲೇ ಸೇರಿಕೊಂಡವು, 3 0 4 1 2 ಅಂತ.