ಹೊಸ ಐಫೋನ್ ಬರುವ ಮುಂಚೆ ಆಪಲ್ ಷೇರು ಕೊಳ್ಳಬೇಕೇ?

ಪ್ರಶ್ನೆ: ಸಿದ್ದಾಪುರದ ಸಮೀಪ ಎಂಟು ಎಕರೆ ರೊಬಸ್ಟಾ ಕಾಫಿ ತೋಟವಿದೆ. ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಮಾರಿದ ಹಣದಲ್ಲಿ ಬ್ಯಾಂಕಿನ ಸಾಲ ತೀರಿಸಿ ಸ್ವಲ್ಪ ಉಳಿಸಿದ್ದೇನೆ. ಆಪಲ್ ಕಂಪನಿ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಹೊಸ ಐಫೋನ್ ಪ್ರಕಟಿಸುವುದರಿಂದ, ಅದಕ್ಕೆ ಮೊದಲೇ ಷೇರು ಕೊಂಡು ಆಮೇಲೆ ಮಾರಿದರೆ ಲಾಭ ಖಚಿತವೆಂದು ಬೆಂಗಳೂರಿನಲ್ಲಿರುವ ಮಗ ಹೇಳುತ್ತಾನೆ. ಇದು ಸರಿಯೇ? ನನ್ನಂಥ ಬೆಳೆಗಾರರು ಅಮೆರಿಕದ ಷೇರು ಕೊಳ್ಳಬಹುದೇ?
– ಓದುಗರು, ಸಿದ್ದಾಪುರ

ಉತ್ತರ: ಸೆಪ್ಟೆಂಬರಿನಲ್ಲಿ ಹೊಸ ಫೋನ್ ಬರುವುದು ನಿಮ್ಮ ಮಗನಿಗೆ ಗೊತ್ತಿರುವಂತೆಯೇ ನ್ಯೂಯಾರ್ಕಿನ ಹೂಡಿಕೆದಾರರಿಗೂ ಗೊತ್ತಿರುತ್ತದೆ. ಎಲ್ಲರಿಗೂ ತಿಳಿದ ಸಂಗತಿಗೆ ಪೇಟೆ ಮೊದಲೇ ಬೆಲೆ ಕಟ್ಟಿರುತ್ತದೆ. ಇದನ್ನು ನೀವು ತೋಟದಲ್ಲೇ ಕಂಡಿದ್ದೀರಿ. ವಿಯೆಟ್ನಾಮಿನಲ್ಲಿ ಬರ ಬಿದ್ದು, 2024ರ ಏಪ್ರಿಲ್‌ನಲ್ಲಿ ಲಂಡನ್ ಪೇಟೆಯಲ್ಲಿ ರೊಬಸ್ಟಾ ಟನ್ನಿಗೆ 4,000 ಡಾಲರ್ ದಾಟಿದಾಗ ನಮ್ಮ ಗಿಡಗಳಲ್ಲಿ ಮುಂದಿನ ಫಸಲು ಇನ್ನೂ ಎಳೆಗಾಯಿಯಾಗಿತ್ತು. ಅಲ್ಲಿ ಕೊಯ್ಲು ಕಡಿಮೆಯಾದೀತೆಂಬ ಅಂಜಿಕೆಯೇ ಬೆಲೆ ಏರಿಸಿತ್ತು. ಕೊಯ್ಲು ಮುಗಿಯುವವರೆಗೆ ಯಾರೂ ಕಾಯಲಿಲ್ಲ. ಷೇರಿನ ಬೆಲೆಯೂ ಹೀಗೆಯೇ ನಿರೀಕ್ಷೆಯ ಮೇಲೆ ನಿಂತಿರುತ್ತದೆ, ಮತ್ತು ಬಂದ ಸುದ್ದಿ ಒಳ್ಳೆಯದೇ ಆಗಿದ್ದರೂ ನಿರೀಕ್ಷೆಗಿಂತ ಒಂದು ಕೂದಲೆಳೆ ಕಡಿಮೆಯಾದರೆ ಇಳಿಯುತ್ತದೆ.

2023ರ ಜೂನ್ 5ರಂದು ಆಪಲ್, ತಲೆಗೆ ಧರಿಸುವ ವಿಷನ್ ಪ್ರೊ ಸಾಧನವನ್ನು 3,499 ಡಾಲರ್ ಬೆಲೆಗೆ ಪ್ರಕಟಿಸಿತು. ಅಂದು ಬೆಳಿಗ್ಗೆ ಷೇರು ಅಲ್ಲಿಯವರೆಗಿನ ಗರಿಷ್ಠ ಮಟ್ಟ ಮುಟ್ಟಿತ್ತು. ದಿನದ ವಹಿವಾಟು ಮುಗಿಯುವಾಗ ಹಿಂದಿನ ದಿನದ ಬೆಲೆಗಿಂತ ಕೆಳಗಿತ್ತು. ಆ ಸಾಧನ ಚೆನ್ನಾಗಿಲ್ಲವೆಂದು ಇದರ ಅರ್ಥವಲ್ಲ. ಕಂಪನಿಯ ಗಾತ್ರಕ್ಕೆ ಹೋಲಿಸಿದರೆ ಅದರಿಂದ ಬರಬಹುದಾದ ಆದಾಯ ಎಷ್ಟು ಎಂದು ನೋಡಬೇಕು. 2023ರ ಸೆಪ್ಟೆಂಬರಿಗೆ ಮುಗಿದ ವರ್ಷದಲ್ಲಿ ಆಪಲ್‌ನ ಒಟ್ಟು ವರಮಾನ ಸುಮಾರು 38,300 ಕೋಟಿ ಡಾಲರ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಐಫೋನಿನದು. ಹತ್ತು ಲಕ್ಷ ವಿಷನ್ ಪ್ರೊ ಮಾರಿದರೂ ಬರುವುದು 350 ಕೋಟಿ ಡಾಲರ್, ಅಂದರೆ ಶೇಕಡಾ ಒಂದಕ್ಕಿಂತ ಕಡಿಮೆ. ಹೊಸ ಸಾಮಾನು ಎಷ್ಟು ಬೆರಗು ಹುಟ್ಟಿಸುತ್ತದೆ ಎನ್ನುವುದಕ್ಕಿಂತ ಈ ಲೆಕ್ಕವನ್ನೇ ನಾನು ಮೊದಲು ಮಾಡುತ್ತೇನೆ, ನಿಮ್ಮ ಮಗನಿಗೂ ಅದನ್ನೇ ಮಾಡಲು ಹೇಳಿ.

ಫೋನ್ ಚೆನ್ನಾಗಿ ಮಾರಾಟವಾದರೂ ಷೇರು ಬೀಳಬಹುದೆಂಬುದಕ್ಕೆ 2012 ಸಾಕ್ಷಿ. ಐಫೋನ್ 5 ಅಂಗಡಿಗೆ ಬಂದ ಮೊದಲ ಮೂರು ದಿನಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು, ಷೇರು ಆಗ 700 ಡಾಲರ್ ದಾಟಿತ್ತು. ಏಳು ತಿಂಗಳಲ್ಲಿ, 2013ರ ಏಪ್ರಿಲ್‌ನಲ್ಲಿ, 400ಕ್ಕಿಂತ ಕೆಳಗಿಳಿಯಿತು. ವರಮಾನ ಹೆಚ್ಚುತ್ತಲೇ ಇತ್ತು, ಆದರೆ ಪ್ರತಿ ನೂರು ಡಾಲರ್ ಮಾರಾಟದಲ್ಲಿ ಕಂಪನಿಗೆ ಉಳಿಯುವ ಪಾಲು ಕುಗ್ಗಿತ್ತು. ಗೊಬ್ಬರ, ಕೂಲಿಗಳ ದರ ಏರಿದ ವರ್ಷ ಚೀಲಗಳ ಸಂಖ್ಯೆ ಹೆಚ್ಚಿದರೂ ಕೈಗೆ ಕಡಿಮೆ ಬರುವುದು ನಿಮಗೆ ಹೊಸತಲ್ಲ.

ಎರಡನೆಯ ಪ್ರಶ್ನೆಗೆ ಬಂದರೆ, ಕೊಳ್ಳಬಹುದು. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬ ನಿವಾಸಿ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಲು ಅವಕಾಶವಿದೆ. ಆದರೆ ಬೆಳೆಗಾರರು ಎಡವುವ ಜಾಗವೊಂದಿದೆ. ತಮ್ಮದು ಕೃಷಿ ಆದಾಯ, ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಅಗತ್ಯವಿಲ್ಲ ಎಂದು ಅನೇಕರು ಭಾವಿಸಿದ್ದಾರೆ. ತಮ್ಮ ಹೆಸರಿನಲ್ಲಿ ಒಂದೇ ಒಂದು ವಿದೇಶಿ ಷೇರಿದ್ದರೂ, ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೂ, ರಿಟರ್ನ್ ಸಲ್ಲಿಸಿ ವಿದೇಶಿ ಆಸ್ತಿಯ ವಿವರ ತುಂಬಲೇಬೇಕು. ಕಂಪನಿ ಷೇರುದಾರರಿಗೆ ಹಂಚುವ ಲಾಭಾಂಶದಲ್ಲಿ ಶೇಕಡಾ 25ನ್ನು ಅಮೆರಿಕದಲ್ಲೇ ಹಿಡಿದುಕೊಳ್ಳುತ್ತಾರೆ; ಇಲ್ಲಿ ತೆರಿಗೆ ಕಟ್ಟುವಾಗ ಅದನ್ನು ನಿಯಮಾನುಸಾರ ಹೊಂದಿಸಿಕೊಳ್ಳಬಹುದು. 24 ತಿಂಗಳೊಳಗೆ ಮಾರಿದರೆ ಲಾಭ ಅಲ್ಪಾವಧಿಯದೆಂದು ಎಣಿಕೆಯಾಗಿ ನಿಮ್ಮ ಆದಾಯದ ಹಂತಕ್ಕೆ ತಕ್ಕ ದರ ಬೀಳುತ್ತದೆ. ಆದ್ದರಿಂದ ಮಗ ಹೇಳುವ ಎರಡು ಮೂರು ತಿಂಗಳ ವ್ಯವಹಾರದಲ್ಲಿ ಡಾಲರ್ ವಿನಿಮಯದ ಖರ್ಚು, ದಲ್ಲಾಳಿ ಶುಲ್ಕ, ತೆರಿಗೆ ಇಷ್ಟೂ ಕಳೆದ ಮೇಲೆ ಎಷ್ಟು ಉಳಿಯುತ್ತದೆಂದು ಕಾಗದದ ಮೇಲೆ ಬರೆದು ನೋಡಿ. ಕಾಫಿ ಹೂ ಅರಳಲು ಬೇಕಾದ ಮುಂದಿನ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ಬೇಕಾಗುವ ಡೀಸೆಲ್ ಹಣವನ್ನು ಮಾತ್ರ ಇದಕ್ಕೆ ಹಾಕಬೇಡಿ.

ಪ್ರಶ್ನೆ: 2012ರಲ್ಲಿ ಆಪಲ್ ಷೇರಿಗೆ 700 ಡಾಲರ್ ಇತ್ತೆನ್ನುತ್ತಾರೆ. ಮೊಬೈಲಿನಲ್ಲಿ ಕಾಣುವ ಷೇರು ಬೆಲೆಯ ನಕ್ಷೆಯಲ್ಲಿ ಅದೇ ಸಮಯಕ್ಕೆ ಸುಮಾರು 25 ಎಂದಿದೆ. ಯಾವುದು ಸರಿ?
– ಓದುಗರು, ಗೋಣಿಕೊಪ್ಪಲು

ಉತ್ತರ: ಎರಡೂ ಸರಿ. ಕಂಪನಿ 2014ರಲ್ಲಿ ಒಂದು ಷೇರನ್ನು ಏಳಾಗಿ, 2020ರಲ್ಲಿ ಒಂದನ್ನು ನಾಲ್ಕಾಗಿ ಒಡೆಯಿತು. ಅಂದಿನ ಒಂದು ಷೇರು ಈಗ 28 ಆಗಿದೆ. ನಕ್ಷೆ ಹಳೆಯ ಬೆಲೆಯನ್ನು ಈಗಿನ ಒಂದು ಷೇರಿನ ಲೆಕ್ಕಕ್ಕೆ ಇಳಿಸಿ ತೋರಿಸುತ್ತದೆ, 700ನ್ನು 28ರಿಂದ ಭಾಗಿಸಿದರೆ 25 ಬರುತ್ತದೆ.