ಬಾಗಿಲ ಬಳಿ ಬರೀ ಗಂಡಸರ ಚಪ್ಪಲಿ

ಪ್ರಶ್ನೆ: ನಾನು ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ, ವಯಸ್ಸು 44. ಯಜಮಾನರು ಮಸ್ಕತ್‌ನಲ್ಲಿದ್ದಾರೆ. ಅವರು ರಜೆಗೆ ಬರುವಾಗ ತರುತ್ತಿದ್ದ ಬಾಟಲಿಯಿಂದ ಶುರುವಾದದ್ದು ಈಗ ದಿನವೂ ಬೇಕೇಬೇಕು ಅನ್ನುವಲ್ಲಿಗೆ ಬಂದಿದೆ. ದೂರದ ಬಡಾವಣೆಯ ವೈನ್ ಶಾಪಿಗೆ ಹೆಲ್ಮೆಟ್ ತೆಗೆಯದೆಯೇ ಹೋಗಿ ತರುತ್ತೇನೆ. ಬೆಳಿಗ್ಗೆ ಬೋರ್ಡಿನ ಮೇಲೆ ಬರೆಯುವಾಗ ಕೈ ನಡುಗುತ್ತದೆ. ಹೋದ ತಿಂಗಳು ಪಿಯುಸಿ ಓದುವ ಮಗಳಿಗೆ ಅಕ್ಕಿ ಡಬ್ಬದಲ್ಲಿ ಬಾಟಲಿ ಸಿಕ್ಕಿತು. ಒಂದು ಮಾತೂ ಆಡದೆ ಅಕ್ಕಿ ಅಳೆದುಕೊಂಡು ಮುಚ್ಚಳ ಹಾಕಿದಳು. ಕುಡಿತ ಬಿಟ್ಟವರ ಎ.ಎ. ಸಭೆಗೆಂದು ಎರಡು ಸಲ ಬಾಗಿಲವರೆಗೆ ಹೋದೆ. ಹೊರಗೆ ಬರೀ ಗಂಡಸರ ಚಪ್ಪಲಿ. ಹಾಗೇ ವಾಪಸ್ ಬಂದೆ. ಒಳಗೆ ನನ್ನ ಶಾಲೆಯ ಪೋಷಕರು ಯಾರಾದರೂ ಇದ್ದರೆ?

ಉತ್ತರ: ತಂಗಿ, ಸಭೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಕೈ ನಡುಗುವ ಮಾತನ್ನು ನೀವು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀರಿ. ನನಗೆ ಗಾಬರಿಯಾದದ್ದು ಅದನ್ನೋದಿ. ದಿನಾ ಕುಡಿಯುವವರು ಒಂದೇ ಏಟಿಗೆ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು, ಜೀವಕ್ಕೇ ಕುತ್ತಾಗಬಹುದು. ಛಲ ತೊಟ್ಟು ನಾಳೆಯಿಂದಲೇ ಬಂದ್ ಅಂತ ದಯವಿಟ್ಟು ಮಾಡಬೇಡಿ. ಮೊದಲು ಮನೋವೈದ್ಯರನ್ನು ಕಾಣಿ. ನಿಮ್ಮೂರಿನ ಕೆ.ಆರ್. ಆಸ್ಪತ್ರೆಯಲ್ಲೇ ಆ ವಿಭಾಗವಿದೆ. ಕೆಲವು ದಿನ ಮಾತ್ರೆ, ಬಿ1 ವಿಟಮಿನ್ ಕೊಟ್ಟು ಸುರಕ್ಷಿತವಾಗಿ ಇಳಿಸುತ್ತಾರೆ. ಶಾಲೆಗೆ ಗೊತ್ತಾದೀತೆಂಬ ಭಯ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯವ್ಯಸನವೂ ಸೇರಿದೆ, ಚಿಕಿತ್ಸೆಯ ವಿವರ ಗುಟ್ಟಾಗಿಡುವುದು ಆಸ್ಪತ್ರೆಯ ಹೊಣೆ. ರಾತ್ರಿ ಹೊತ್ತು ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ಆ ಚಪ್ಪಲಿಗಳ ವಿಷಯ.

ನನ್ನ ದೊಡ್ಡಪ್ಪನ ಮಗ ಕುಡಿತ ಬಿಟ್ಟ ವರ್ಷ ಅವನ ಜೊತೆ ಒಂದು ಸಭೆಗೆ ಹೋಗಿದ್ದೆ. ಮನೆಯವರೂ ಕೂರಬಹುದಾದ ಮುಕ್ತ ಸಭೆ ಅದು. ಕುಡಿತ ಬಿಡಬೇಕೆನ್ನುವವರಷ್ಟೇ ಕೂರುವ ಸಭೆಗಳು ಬೇರೆ ಇರುತ್ತವೆ. ಶಾಲೆಯೊಂದರ ಕೋಣೆ, ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ, ಫ್ಲಾಸ್ಕಿನಲ್ಲಿ ಚಹಾ. ಒಬ್ಬರು ಎದ್ದು ಹೆಸರಷ್ಟೇ ಹೇಳಿ, ‘ನಾನೊಬ್ಬ ಮದ್ಯವ್ಯಸನಿ’ ಅಂದರು. ಹೆಂಡತಿಯ ತಾಳಿ ಅಡವಿಟ್ಟ ಕತೆ ಹೇಳಿದರು. ಯಾರೂ ಬುದ್ಧಿ ಹೇಳಲಿಲ್ಲ, ನಡುವೆ ಬಾಯಿ ಹಾಕಲಿಲ್ಲ. ಅವರು ಕೂತರು, ಪಕ್ಕದವರು ಎದ್ದರು. ಹೊಸಬರು ಮಾತಾಡಲೇಬೇಕೆಂದಿಲ್ಲ, ನನ್ನಣ್ಣ ಮೊದಲ ಮೂರು ವಾರ ಸುಮ್ಮನೆ ಚಹಾ ಕುಡಿದು ಬಂದಿದ್ದ. ಸಭೆಗೆ ಶುಲ್ಕವಿಲ್ಲ, ರಿಜಿಸ್ಟರಿನಲ್ಲಿ ಸಹಿಯಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ.

ಆದರೆ ನೀವು ಕಂಡದ್ದೂ ನಿಜ. ನಮ್ಮ ಕಡೆ ಈ ಸಭೆಗಳಲ್ಲಿ ಗಂಡಸರೇ ಹೆಚ್ಚು. ಕುಡಿಯುವ ಗಂಡಸಿಗೆ ‘ಪಾಪ, ಚಟ’ ಅನ್ನುವ ಊರು ಹೆಂಗಸಿಗೆ ಏನನ್ನುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು. ಆ ಮಾತಿಗೆ ಹೆದರಿಯೇ ಎಷ್ಟೋ ಹೆಣ್ಣುಮಕ್ಕಳು ಅಕ್ಕಿ ಡಬ್ಬದ ಹಿಂದೆಯೇ ಸವೆದು ಹೋಗುತ್ತಾರೆ. ಅದು ನನಗೆ ಸಹಿಸಲಾಗದ ಸಂಕಟ.

ಹಾಗಾಗಿ ಮೂರನೇ ಸಲ ಒಬ್ಬರೇ ಹೋಗಬೇಡಿ. ಎ.ಎ. ಇಂಡಿಯಾದ ವೆಬ್‌ಸೈಟಿನಲ್ಲಿ ಸಂಪರ್ಕದ ನಂಬರುಗಳಿವೆ. ಫೋನ್ ಮಾಡಿ, ‘ಹೆಂಗಸರು ಯಾರಾದರೂ ಇದ್ದರೆ ಅವರ ಹತ್ತಿರ ಮಾತಾಡಬೇಕು’ ಅಂತ ಕೇಳಿ. ಈ ಕೋರಿಕೆ ಅವರಿಗೆ ಹೊಸದಲ್ಲ. ನಿಮ್ಮೂರಿನಲ್ಲಿ ಯಾರೂ ಸಿಗದಿದ್ದರೆ ಬೇರೆ ಊರಿನವರಾದರೂ ಆದೀತು. ಹೆಂಗಸರಿಗೆಂದೇ ಆನ್‌ಲೈನ್ ಸಭೆಗಳೂ ಇವೆ. ಕ್ಯಾಮೆರಾ ಆಫ್ ಮಾಡಿ, ಬೇರೆ ಹೆಸರಿಟ್ಟುಕೊಂಡು ಅಡುಗೆಮನೆಯಲ್ಲೇ ಕೂತು ಕೇಳಿಸಿಕೊಳ್ಳಬಹುದು. ಮೊದಲ ಹೆಜ್ಜೆ ಅದೇ ಆಗಲಿ. ಆದರೆ ಅಲ್ಲೇ ನಿಂತುಬಿಡಬೇಡಿ, ಎದುರಾ ಎದುರು ಕೂತು ಮಾತಾಡುವುದರ ಬಲವೇ ಬೇರೆ.

1939ರಲ್ಲಿ ಮಾರ್ಟಿ ಮ್ಯಾನ್ ಎಂಬ ಹೆಣ್ಣುಮಗಳು ಅಮೆರಿಕದ ಬ್ರೂಕ್ಲಿನ್‌ನಲ್ಲಿ ಇಂಥದೇ ಸಭೆಗೆ ಮೊದಲ ಸಲ ಹೋದಾಗ ಎ.ಎ. ಹೆಚ್ಚುಕಡಿಮೆ ಗಂಡಸರದೇ ಕೂಟವಾಗಿತ್ತು. ಚಿಕಿತ್ಸೆಗೆ ಸೇರಿದ್ದ ಆಸ್ಪತ್ರೆಗೆ ಮರಳಿದವರೇ ಜೊತೆಯ ರೋಗಿಗೆ ಅವರು ಹೇಳಿದ್ದು, ನಾವಿನ್ನು ಒಂಟಿಯಲ್ಲ ಅಂತ.

ಪೋಷಕರು ಒಳಗಿದ್ದರೆ ಅಂದಿರಿ. ಇರಬಹುದು. ಇದ್ದರೆ ಅವರೂ ಅದೇ ಕಾಯಿಲೆಗೆ ಬಂದವರು, ನೀವು ಅವರನ್ನು ನೋಡಿದ್ದೀರೆಂಬ ಅಳುಕು ಅವರಿಗೂ ಇರುತ್ತದೆ. ಇಲ್ಲಿ ಕಂಡವರ ವಿಷಯ ಹೊರಗೆ ಆಡಬಾರದೆಂಬುದು ಆ ಕೋಣೆಯ ಕಟ್ಟುಪಾಡು. ನೂರಕ್ಕೆ ನೂರು ಯಾರೂ ಮುರಿಯುವುದಿಲ್ಲವೆಂದು ನಾನು ಭಾಷೆ ಕೊಡಲಾರೆ. ಆದರೆ ನಡುಗುವ ಕೈಯನ್ನು ಮಕ್ಕಳು ದಿನವೂ ನೋಡುತ್ತಿದ್ದಾರಲ್ಲ, ಗುಟ್ಟು ಬಯಲಾಗುವ ಅಪಾಯ ಅಲ್ಲೇ ಹೆಚ್ಚು.

ಕೊನೆಗೆ ನಿಮ್ಮ ಮಗಳು. ಅವಳು ಮುಚ್ಚಳ ಹಾಕಿದ್ದು ಕೋಪಕ್ಕಲ್ಲ ಅನ್ನಿಸುತ್ತದೆ ನನಗೆ, ಅಮ್ಮನ ಮಾನ ಕಾಯಲಿಕ್ಕೆ. ಅಷ್ಟು ಭಾರ ಆ ಹುಡುಗಿ ಒಬ್ಬಳೇ ಹೊರುವುದು ಬೇಡ. ಮನೆಯವರಿಗೆಂದೇ ಅಲ್-ಅನಾನ್ ಎಂಬ ಬೇರೆ ಕೂಟವಿದೆ, ಅದು ಆಮೇಲಿನ ಮಾತು. ಈ ವಾರ ಡಾಕ್ಟರ ಹತ್ತಿರ ಹೊರಡುವ ದಿನ ಎಲ್ಲಿಗೆ ಹೋಗುತ್ತಿದ್ದೀರೆಂದು ಅವಳಿಗೆ ಹೇಳಿ ಹೊರಡಿ. ಜೊತೆಗೆ ಬರುತ್ತೇನೆ ಅಂದರೆ ಬೇಡ ಅನ್ನಬೇಡಿ.